ಯಂತ್ರದ ದನಿ

೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಿಗೆ ನೀರು ಹರಿದ ಮೇಲೆ ಸಿರುಗುಪ್ಪದ ಕಡೆಯ ಎರೆಹೊಲಗಳಲ್ಲಿ ಎಷ್ಟೋ ಭಾಗ ಭತ್ತದ ಗದ್ದೆಗಳಾದವು. ಎತ್ತುಗಳ ಜೊತೆಗೆ ಟ್ರ್ಯಾಕ್ಟರುಗಳೂ ಬಂದವು. ಕಾಲುವೆಗೆ ನೀರು ಬಿಟ್ಟಂದಿನಿಂದ ನಾಟಿ ಮುಗಿಯುವವರೆಗೆ ಒಕ್ಕಲಿಗನಿಗೆ ಒಂದೊಂದು ದಿನವೂ ಅಮೂಲ್ಯವಾದುದು. ಆಗ ಯಂತ್ರ ನಿಂತರೆ ವರ್ಷದ ಅನ್ನಕ್ಕೇ ಸಂಚಕಾರ.

ಅಂತಹುದೇ ಒಂದು ಮುಂಗಾರಿನಲ್ಲಿ, ಕುರುಗೋಡಿನ ಸಮೀಪ, ನಮ್ಮ ಅಣ್ಣನವರ ಹಳೆಯ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಕರಕರನೆ ಅರಚತೊಡಗಿತು. “ಗೇರುಗಳೆಲ್ಲ ಹೋಗಿವೆ, ಪೂರ್ತಿ ಬದಲಿಸಬೇಕು” ಎಂದು ಒಬ್ಬ ಮೇಸ್ತ್ರಿ ನಿಂತಲ್ಲಿಂದಲೇ ತೀರ್ಪಿತ್ತರು. ಆ ವೆಚ್ಚಕ್ಕೆ ಸಾಲವೇ ಗತಿಯಾಗಿತ್ತು. ಬಿಚ್ಚುವ ಮುನ್ನ ಪರೀಕ್ಷಿಸೋಣವೆಂದು ಬಳ್ಳಾರಿಯಿಂದ ವೃದ್ಧ ಮೆಕ್ಯಾನಿಕರೊಬ್ಬರನ್ನು ಕರೆತಂದೆ.

ಅವರು ಮೊದಲಿಗೆ ಪಾನನ್ನೇ ಮುಟ್ಟಲಿಲ್ಲ. ಇಂಜಿನ್ ಚಾಲೂ ಮಾಡಿಸಿ, ನ್ಯೂಟ್ರಲ್‌ನಲ್ಲಿರಿಸಿ, ಕ್ಲಚ್ಚನ್ನು ಒತ್ತಿಸಿದರು. ಸದ್ದು ನಿಂತಿತು, ಬಿಡಿಸಿದೊಡನೆ ಮರಳಿತು. ಒತ್ತಿದಾಗ ಮಾತ್ರ ಸದ್ದಾದರೆ ದೋಷವು ಕ್ಲಚ್ಚಿನ ಬೇರಿಂಗಿನದು. ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಮುಂಭಾಗದ ಬೇರಿಂಗುಗಳದು. ಒಂದೇ ಗೇರಿನಲ್ಲಿ ಅರಚಿದರೆ ಆ ಗೇರಿನ ಹಲ್ಲು ಸವೆದಿರಬಹುದು; ತಿರುವಿನಲ್ಲಷ್ಟೇ ಅರಚಿದರೆ ಹಿಂಬದಿಯ ಡಿಫರೆನ್ಷಿಯಲ್ಲನ್ನು ಶಂಕಿಸಬೇಕು. ಹೀಗೆ ವಿವರಿಸುತ್ತ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೊತ್ತಿ, ಹಿಡಿಗೆ ಕಿವಿಗೊಟ್ಟು ಆಲಿಸಿ, ಒಂದು ಸ್ಥಳವನ್ನು ಸೀಮೆಸುಣ್ಣದಿಂದ ಗುರುತಿಸಿದರು.

ಅನಂತರ ಎಣ್ಣೆ ಇಳಿಸಿದರು. ಅದು ಮಜ್ಜಿಗೆಯಂತೆ ಬೆಳ್ಳಗಿತ್ತು. ಕೆಸರುಗದ್ದೆಯಲ್ಲಿ ಕೇಜ್‌ವೀಲ್ ಕಟ್ಟಿ ಓಡಿಸುವಾಗ ಸವೆದ ಸೀಲುಗಳಿಂದ ನೀರು ಒಳಸೇರಿತ್ತು. ಎಣ್ಣೆಯಲ್ಲಿ ನುಣ್ಣನೆಯ ಲೋಹದ ಪುಡಿಯಿತ್ತೇ ಹೊರತು ಮುರಿದ ಹಲ್ಲಿನ ಚೂರುಗಳಿರಲಿಲ್ಲ. ಕ್ಲಚ್ಚಿನ ಬಳಿ ಟ್ರ್ಯಾಕ್ಟರನ್ನು ಎರಡಾಗಿ ಬಿಡಿಸಿ ನೋಡಲು, ಗುರುತಿಸಿದ ಸ್ಥಳದ ಬೇರಿಂಗೊಂದೇ ಕೆಟ್ಟಿತ್ತು.

ಹಳೆಯ ಯಂತ್ರಗಳಿಗೆ ಬಿಡಿಭಾಗ ದೊರೆಯುವುದು ಕಷ್ಟ. ೧೯೭೧ರಲ್ಲಿ ಆರಂಭವಾದ ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನೇ ಮುಚ್ಚಲು ೨೦೧೬ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. ಆದರೆ ಬೇರಿಂಗುಗಳ ಅಳತೆಗೆ ಸರ್ವಸಾಮಾನ್ಯವಾದ ಸಂಖ್ಯೆಗಳಿವೆ. ಆ ಸಂಖ್ಯೆ ಹೇಳಿ ಬಳ್ಳಾರಿಯ ಅಂಗಡಿಯಲ್ಲಿ ಬೇರಿಂಗು ಕೊಂಡೆವು. ಹೊಸ ಸೀಲು, ಹೊಸ ಎಣ್ಣೆಯೊಡನೆ ಮೂರನೆಯ ದಿನ ಟ್ರ್ಯಾಕ್ಟರು ಗದ್ದೆಗಿಳಿಯಿತು. ಸಾಲ ತಪ್ಪಿತು, ನಾಟಿಯೂ ತಪ್ಪಲಿಲ್ಲ.

ಗಾಳಿಗಿಂತ ಘನವಸ್ತುವಿನಲ್ಲಿ ಶಬ್ದವು ವೇಗವಾಗಿ ಸಂಚರಿಸುತ್ತದೆಂಬುದು ನಾವೆಲ್ಲ ತರಗತಿಯಲ್ಲಿ ಬರೆದುಕೊಂಡ ವಾಕ್ಯ. ಆ ಹಿರಿಯರು ಅದನ್ನು ಕಿವಿಯಿಂದ ಅರಿತಿದ್ದರು. ವರ್ಷಕ್ಕೊಂದು ದಿನವಾದರೂ ನಮ್ಮ ಮಕ್ಕಳನ್ನು ಇಂತಹವರ ಶೆಡ್ಡಿಗೆ ಕರೆದೊಯ್ಯಬೇಕೆಂದು ಗುರುಗಳಲ್ಲಿ ನನ್ನ ಸವಿನಯ ಪ್ರಾರ್ಥನೆ.