ಮಂದ್ರ ಧ್ವನಿಯ ಪರೀಕ್ಷೆ

ಸಭೆಯು ಅಧ್ಯಕ್ಷರಿಲ್ಲದಿದ್ದರೂ ನಡೆದೀತು, ಧ್ವನಿವರ್ಧಕವಿಲ್ಲದೆ ನಡೆಯಲಾರದು ಎಂಬ ಕಾಲವಿದು. ಕಾಸರಗೋಡಿನ ಕಡೆಯ ನಮ್ಮ ಕನ್ನಡ ಶಾಲೆಗಳ ವಾರ್ಷಿಕೋತ್ಸವವಿರಲಿ, ಊರವರ ತಾಳಮದ್ದಳೆಯಿರಲಿ, ಅತಿಥಿಗಳಿಗಿಂತ ಮುಂಚೆ ಬಂದಿಳಿಯುವುವು ಬಾಡಿಗೆಯ ದೊಡ್ಡ ದೊಡ್ಡ ಸ್ಪೀಕರು ಪೆಟ್ಟಿಗೆಗಳು. ಮೊದಲ ‘ಹಲೋ ಹಲೋ’ಗೆ ಕಿಟಕಿಯ ಗಾಜು ನಡುಗಿತೆಂದರೆ ಸೆಟ್ಟು ಭರ್ಜರಿಯಾಗಿದೆಯೆಂದು ಎಲ್ಲರಿಗೂ ಸಮಾಧಾನ. ಕಾರ್ಯಕ್ರಮ ಮೊದಲಾದ ಮೇಲೆ ಹಿಂದಿನ ಸಾಲಿನವರಿಗೆ ಗುಡುಗು ಕೇಳಿಸುತ್ತದೆಯೇ ಹೊರತು ಮಾತು ಕೇಳಿಸುವುದಿಲ್ಲ. ಮದ್ದಳೆಯ ಒಂದು ಪೆಟ್ಟು ಅಡಗುವ ಮೊದಲೇ ಇನ್ನೊಂದು ಬಂದು ಎರಡೂ ಕಲಸಿಹೋಗುತ್ತವೆ. ಅರ್ಥಧಾರಿಗಳ ಮಾತೇ ಸರ್ವಸ್ವವಾಗಿರುವ ತಾಳಮದ್ದಳೆಯಲ್ಲಿ ಅರ್ಥವೇ ಕೇಳಿಸದಿದ್ದರೆ ಉಳಿಯುವುದೇನು?

ಇದನ್ನು ವರ್ಷ ವರ್ಷವೂ ಅನುಭವಿಸಿ ಬೇಸತ್ತ ಕೆಲವು ಮಂದಿ ಉಪಾಧ್ಯಾಯರೂ ಹತ್ತನೆಯ ತರಗತಿಯ ಕೆಲವು ವಿದ್ಯಾರ್ಥಿಗಳೂ ಸೇರಿ, ಶಾಲೆಯ ಸಭಾಭವನಕ್ಕೆ ಒಂದು ಜೊತೆ ಸ್ಪೀಕರು ಪೆಟ್ಟಿಗೆಗಳನ್ನು ನಾವೇ ತಯಾರಿಸಲು ಹೊರಟೆವು. ಕೂಡಿಸಿದ ಹಣ ಸ್ವಲ್ಪ. ಒಮ್ಮೆ ಕೊಂಡದ್ದನ್ನು ಮರುವರ್ಷ ಬದಲಿಸುವ ಅನುಕೂಲವಿಲ್ಲ. ಪ್ಲೈವುಡ್ಡು, ಅಂಟು, ತಿರುಪುಮೊಳೆಗಳು ಊರಿನಲ್ಲೇ ದೊರೆಯುತ್ತವೆ. ಪೆಟ್ಟಿಗೆ ಕೂಡಿಸಲು ಆಚಾರಿಯವರಿದ್ದಾರೆ. ಉಳಿದದ್ದು ವೂಫರು. ಅದನ್ನು ಆರಿಸುವುದೇ ಕೆಲಸದ ಮುಕ್ಕಾಲು ಪಾಲೆಂದು ಬಹಳ ಬೇಗ ತಿಳಿಯಿತು. ಆ ಆಯ್ಕೆಯಲ್ಲಿಯೂ ಪರೀಕ್ಷೆಯಲ್ಲಿಯೂ ನಾವು ಕಂಡುಕೊಂಡುದನ್ನು ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿ ಮಿತ್ರರ ಮುಂದೆ ಇಡುತ್ತಿದ್ದೇವೆ.

ವೂಫರ್ ಎಂಬುದು ನಾಯಿಯ ಬೊಗಳಿಕೆಯಿಂದ ಹುಟ್ಟಿದ ಹೆಸರು. ಕೀಚಲು ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರಿಗೆ ಹಕ್ಕಿಯ ಚಿಲಿಪಿಲಿಯಿಂದ ಟ್ವೀಟರ್ ಎಂಬ ಹೆಸರು ಬಂದಿದೆ. ಒಂದೇ ಪೆಟ್ಟಿಗೆಯಲ್ಲಿ ನಾಯಿ ಕೆಳಗೆ, ಹಕ್ಕಿ ಮೇಲೆ! ವೂಫರಿನ ರಚನೆ ಮಾತ್ರ ಸರಳ. ಒಂದು ಕಾಗದದ ಶಂಕು. ಅದರ ಬುಡಕ್ಕೆ ಅಂಟಿದ ತಾಮ್ರದ ತಂತಿಯ ಸುರುಳಿ. ಸುರುಳಿಯ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಶಂಕು ಹಿಂದೆ ಮುಂದೆ ಸರಿದು ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬವರು ೧೯೨೫ರಲ್ಲಿ ಪ್ರಕಟಿಸಿದ ಈ ರಚನೆಯು ಮೂಲತಃ ಇಂದಿಗೂ ಬದಲಾಗಿಲ್ಲ.

ಅಂಗಡಿಗೆ ಹೋದರೆ ಮೂರು ಸಂಗತಿಗಳ ವರ್ಣನೆ ಕೇಳಬೇಕಾಗುತ್ತದೆ: ಎಷ್ಟು ವಾಟು, ಎಷ್ಟು ಅಂಗುಲ, ಅಯಸ್ಕಾಂತವೆಷ್ಟು ದಪ್ಪ. ಮೂರೂ ಅರ್ಧಸತ್ಯಗಳು. ವಾಟು ಎಂಬುದು ಸುರುಳಿಯು ಸುಡದೆ ತಾಳಬಲ್ಲ ಕಾವಿನ ಸೂಚನೆಯೇ ಹೊರತು ಧ್ವನಿಯ ಅಳತೆಯಲ್ಲ. ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ ೮೮ ಡೆಸಿಬೆಲ್ ಕೊಡುವ ಸ್ಪೀಕರಿಗೆ ನೂರು ವಾಟು ಬೇಕಾದಲ್ಲಿ, ೯೧ ಡೆಸಿಬೆಲ್ ಕೊಡುವುದಕ್ಕೆ ಐವತ್ತೇ ಸಾಕು. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಬರೆದಿರುವ ಪಿ.ಎಂ.ಪಿ.ಓ. ವಾಟುಗಳನ್ನಂತೂ ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ. ಅಂಗುಲ ಹೆಚ್ಚಿದಷ್ಟೂ ಗಾಳಿಯನ್ನು ಹೆಚ್ಚು ತಳ್ಳಬಹುದು, ನಿಜ. ಆದರೆ ಅದಕ್ಕೆ ಬೇಕಾಗುವ ಪೆಟ್ಟಿಗೆಯೂ ಬೆಳೆಯುತ್ತದೆ. ಅಯಸ್ಕಾಂತದ ವಿಷಯವನ್ನು ಮುಂದೆ ಹೇಳುವೆವು.

ಅಂಗಡಿಯಲ್ಲೇ ಬರಿಗೈಯಿಂದ ಮಾಡಬಹುದಾದ ಪರೀಕ್ಷೆಗಳಿವೆ. ಎರಡು ಕೈಗಳ ಬೆರಳುಗಳನ್ನೂ ಶಂಕುವಿನ ಸುತ್ತ ಸಮವಾಗಿ ಹರಡಿ ಮೆಲ್ಲಗೆ ಒತ್ತಬೇಕು. ಕರಕರ ಸದ್ದಾದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆಯೆಂದು ತಿಳಿದು ಹಿಂದಿರುಗಿಸಬೇಕು. ಅಂಚಿನ ಪಟ್ಟಿ ಸ್ಪಂಜಿನದಾಗಿದ್ದರೆ ನಮ್ಮ ಕರಾವಳಿಯ ತೇವದಲ್ಲಿ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನದೋ ಬಟ್ಟೆಯದೋ ಮೇಲು. ಒಂದೂವರೆ ವೋಲ್ಟಿನ ಬ್ಯಾಟರಿಯ ಧನಾಗ್ರವನ್ನು ವೂಫರಿನ ಧನಾಗ್ರಕ್ಕೆ ಮುಟ್ಟಿಸಿದರೆ ಶಂಕು ಹೊರಕ್ಕೆ ಚಲಿಸಬೇಕು. ಜೊತೆಯಲ್ಲಿ ಒಂದು ಹೊರಕ್ಕೂ ಒಂದು ಒಳಕ್ಕೂ ಚಲಿಸುವಂತೆ ತಂತಿ ಜೋಡಿಸಿದರೆ, ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಮಂದ್ರಸ್ವರವೇ ಮಾಯವಾಗುತ್ತದೆ.

ಇನ್ನೊಂದು ಪರೀಕ್ಷೆ ವಿದ್ಯಾರ್ಥಿಗಳಿಗೆ ಬಹಳ ಹಿಡಿಸಿತು. ವೂಫರಿನ ಶಂಕುವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ‘ಧುಂ’ ಎಂದು ಸ್ವಲ್ಪ ಹೊತ್ತು ಮೊಳಗುತ್ತದೆ. ಅದರ ಎರಡು ಅಗ್ರಗಳನ್ನೂ ಒಂದು ತಂತಿಯಿಂದ ಕೂಡಿಸಿ ಮತ್ತೆ ತಟ್ಟಿದರೆ ‘ಟಪ್’ ಎಂದು ನಿಂತುಹೋಗುತ್ತದೆ. ಚಲಿಸುವ ಸುರುಳಿ ತಾನೇ ಡೈನಮೋ ಆಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿಗೆ ಹರಿಯಲು ದಾರಿ ಸಿಕ್ಕಿದೊಡನೆ ಅದು ಚಲನೆಯನ್ನೇ ತಡೆಯುತ್ತದೆ. ಆಂಪ್ಲಿಫೈಯರಿಗೆ ಜೋಡಿಸಿದಾಗ ಈ ದಾರಿ ಸದಾ ತೆರೆದಿರುತ್ತದೆ. ಅಯಸ್ಕಾಂತದ ಬಲವೆಂದರೆ ಕೇವಲ ತಳ್ಳುವ ಬಲವಲ್ಲ, ನಿಲ್ಲಿಸುವ ಬಲವೂ ಹೌದೆಂಬುದು ಇದರಿಂದ ಸ್ಪಷ್ಟವಾಯಿತು. ಈ ಬ್ರೇಕು ತೀರ ಹೆಚ್ಚಾದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಮಂದ್ರವು ಬಡಕಲಾಗುತ್ತದೆ. ಕಡಮೆಯಾದರೆ ಮೊಳಗು ನಿಲ್ಲುವುದೇ ಇಲ್ಲ. ಆದುದರಿಂದ ಅಯಸ್ಕಾಂತ ದಪ್ಪವಾಗಿದ್ದರೆ ಸಾಲದು, ಹದವಾಗಿರಬೇಕು.

ಪೆಟ್ಟಿಗೆಯಾದರೂ ಏತಕ್ಕೆ? ಬರಿಯ ವೂಫರನ್ನು ಮೇಜಿನ ಮೇಲಿಟ್ಟು ನುಡಿಸಿದರೆ ಧ್ವನಿ ತೆಳ್ಳಗಿರುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಅಂಚನ್ನು ಸುತ್ತಿ ಬಂದು ಒಂದನ್ನೊಂದು ಅಳಿಸುತ್ತವೆ. ಅದನ್ನೇ ತೂತು ಕೊರೆದ ಅಗಲವಾದ ಹಲಗೆಗೆ ಒತ್ತಿ ಹಿಡಿದರೆ ಒಮ್ಮೆಗೇ ತುಂಬು ಧ್ವನಿ ಬರುತ್ತದೆ. ಹಿಂದಿನ ಅಲೆಯನ್ನು ಸೆರೆಯಲ್ಲಿಡಲು ಪೆಟ್ಟಿಗೆ. ಆದರೆ ಸೆರೆಯಾದ ಗಾಳಿಯು ಸ್ಪ್ರಿಂಗಿನಂತೆ ಶಂಕುವನ್ನು ಹಿಂದಕ್ಕೆ ದೂಡುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗು ಬಿಗಿ. ಯಾವ ವೂಫರಿಗೆ ಎಷ್ಟು ದೊಡ್ಡ ಪೆಟ್ಟಿಗೆ ಎಂಬುದನ್ನು ಹಿಂದೆ ಬಹುಮಟ್ಟಿಗೆ ಊಹೆಯಿಂದಲೇ ನಿರ್ಧರಿಸುತ್ತಿದ್ದರು. ಆಸ್ಟ್ರೇಲಿಯದ ನೆವಿಲ್ ಥೀಲ್ ಅವರು ೧೯೬೧ರಲ್ಲಿಯೂ, ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿದ್ದ ರಿಚರ್ಡ್ ಸ್ಮಾಲ್ ಅವರು ೧೯೭೦ರ ದಶಕದ ಆರಂಭದಲ್ಲಿಯೂ ಪ್ರಕಟಿಸಿದ ಲೇಖನಗಳಿಂದ ಅದು ಲೆಕ್ಕದ ವಿಷಯವಾಯಿತು. ಆ ಲೆಕ್ಕಕ್ಕೆ ಬೇಕಾದುವು ಮುಖ್ಯವಾಗಿ ಮೂರು: ವೂಫರಿನ ಸಹಜ ಅನುರಣನದ ಆವೃತ್ತಿ, ಅದು ಎಷ್ಟು ಬೇಗ ನಿಲ್ಲುವುದೆಂದು ಹೇಳುವ ಗುಣಾಂಕ, ಮತ್ತು ಅದರ ಅಂಚಿನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ.

ಇವನ್ನು ಅಳೆಯಲು ನಮ್ಮಲ್ಲಿದ್ದ ಉಪಕರಣಗಳು ಇಷ್ಟೆ: ಬೇಕಾದ ಆವೃತ್ತಿಯ ಸ್ವರವನ್ನು ಹೊರಡಿಸುವ ಮೊಬೈಲ್ ಫೋನು, ಒಂದು ಚಿಕ್ಕ ಆಂಪ್ಲಿಫೈಯರು, ೧೦೦೦ ಓಮಿನ ರೋಧಕ, ಮಿಲಿವೋಲ್ಟ್ ತೋರಿಸುವ ಮೀಟರು. ರೋಧಕದ ಮೂಲಕ ವೂಫರಿಗೆ ಸ್ವರವನ್ನು ಕೊಟ್ಟರೆ ಹರಿಯುವ ವಿದ್ಯುತ್ತು ಹೆಚ್ಚು ಕಡಮೆ ಒಂದೇ ಸಮನಿರುತ್ತದೆ. ಆಗ ವೂಫರಿನ ಅಗ್ರಗಳಲ್ಲಿ ಕಾಣುವ ವೋಲ್ಟೇಜು ಅದರ ತಡೆಗೆ ಅನುಗುಣವಾಗಿರುತ್ತದೆ. ಮೊದಲು ವೂಫರಿನ ಸ್ಥಳದಲ್ಲಿ ೧೦ ಓಮಿನ ರೋಧಕವನ್ನಿಟ್ಟು ಮೀಟರು ೨೦ ಮಿಲಿವೋಲ್ಟ್ ತೋರಿಸುವಂತೆ ಮಾಡಿಕೊಂಡೆವು. ಇನ್ನು ಎರಡು ಮಿಲಿವೋಲ್ಟಿಗೆ ಒಂದು ಓಮ್.

ನಮ್ಮ ಎಂಟು ಅಂಗುಲದ ವೂಫರಿನ ಸುರುಳಿಯ ರೋಧ ೬ ಓಮ್. ಆವೃತ್ತಿಯನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದಂತೆ ಮೀಟರಿನ ಅಂಕೆ ಏರಿ, ೪೦ ಹರ್ಟ್ಜಿನಲ್ಲಿ ೧೦೮ ಮುಟ್ಟಿ, ಮತ್ತೆ ಇಳಿಯಿತು. ಅನುರಣನವು ೪೦ ಹರ್ಟ್ಜಿನಲ್ಲಿ, ಅಲ್ಲಿಯ ತಡೆ ೫೪ ಓಮ್. ಅದು ೬ರ ೯ ಪಟ್ಟು; ೯ರ ವರ್ಗಮೂಲ ೩; ಆದುದರಿಂದ ತಡೆಯು ೧೮ ಓಮ್ ಆಗುವ ಎರಡು ಬದಿಗಳನ್ನು ಹುಡುಕಿದೆವು. ಅವು ೨೮ ಮತ್ತು ೫೭ ಹರ್ಟ್ಜ್, ಅಂತರ ೨೯. ನಲವತ್ತನ್ನು ಮೂರರಿಂದ ಗುಣಿಸಿ ೨೯ರಿಂದ ಭಾಗಿಸಿ, ಬಂದುದನ್ನು ೯ರಿಂದ ಭಾಗಿಸಿದರೆ ೦.೪೬. ಇದೇ ಗುಣಾಂಕ. ಎಂಟನೆಯ ತರಗತಿಯ ಗಣಿತ ಸಾಕಾಯಿತು.

ಇನ್ನು ಮೂರನೆಯದು. ಬೆಸುಗೆಯ ಸೀಸದ ತಂತಿಯನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿ ೨೦ ಗ್ರಾಂ ತೂಗಿ, ಬಳೆಯಂತೆ ಬಾಗಿಸಿ, ಶಂಕುವಿನ ನಡುವೆ ಮೆತ್ತಿಸಿದೆವು. ನಾಣ್ಯಗಳನ್ನು ಬಳಸೋಣವೆಂದು ಒಬ್ಬ ಹುಡುಗನ ಸೂಚನೆ. ಒಂದು ರೂಪಾಯಿಯ ಉಕ್ಕಿನ ನಾಣ್ಯವನ್ನು ಅಯಸ್ಕಾಂತವು ಎಳೆಯುವುದನ್ನು ಇನ್ನೊಬ್ಬ ತೋರಿಸಿದ ಮೇಲೆ ಸೀಸವೇ ಗೆದ್ದಿತು. ಭಾರ ಹೇರಿದಾಗ ಅನುರಣನ ೩೦ ಹರ್ಟ್ಜಿಗೆ ಇಳಿಯಿತು. ನಲವತ್ತನ್ನು ಮೂವತ್ತರಿಂದ ಭಾಗಿಸಿ ವರ್ಗ ಮಾಡಿ ಒಂದನ್ನು ಕಳೆದರೆ ೦.೭೮, ಇಪ್ಪತ್ತು ಗ್ರಾಮನ್ನು ಅದರಿಂದ ಭಾಗಿಸಿದರೆ, ಚಲಿಸುವ ಭಾಗದ ತೂಕ ಸುಮಾರು ೨೬ ಗ್ರಾಂ. ಶಂಕುವನ್ನು ಬಿಚ್ಚದೆ, ಹರಿಯದೆ ಅದರ ತೂಕವನ್ನು ತಿಳಿದುದು ವಿದ್ಯಾರ್ಥಿಗಳಿಗೆ ಇಂದ್ರಜಾಲದಂತೆ ತೋರಿತು. ಈ ತೂಕ, ಆವೃತ್ತಿ ಮತ್ತು ಶಂಕುವಿನ ವಿಸ್ತೀರ್ಣಗಳಿಂದ ಲೆಕ್ಕ ಹಾಕಿದರೆ ಸಮಾನ ಗಾಳಿಯ ಗಾತ್ರ ೩೯ ಲೀಟರು.

ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತಾಗ ಗುಣಾಂಕವು ೦.೭ರ ಸುಮಾರಿಗೆ ಬಂದರೆ ಮಂದ್ರವು ಸಮವಾಗಿಯೂ ಬಿಗಿಯಾಗಿಯೂ ಇರುತ್ತದೆ. ನಮ್ಮ ಅಂಕೆಗಳಿಗೆ ಅದು ೩೦ ಲೀಟರಿನ ಪೆಟ್ಟಿಗೆ. ಒಳ ಅಳತೆ ೨೫, ೩೦, ೪೦ ಸೆಂಟಿಮೀಟರು. ಆಗ ಅನುರಣನವು ೬೧ ಹರ್ಟ್ಜಿಗೆ ಏರುತ್ತದೆ. ಧ್ವನಿಯು ಅಲ್ಲಿಯವರೆಗೆ ಚೆನ್ನಾಗಿ ಇಳಿದು, ಅದರ ಕೆಳಗೆ ಕ್ಷೀಣಿಸುತ್ತದೆ. ಇದು ಸಾಲದೆಂದು ಕೆಲವರಿಗೆ ತೋರಿತು. ನಮಗೆ ಬೇಕಾದುದೆಷ್ಟು ಎಂದು ನೋಡಿದೆವು. ಹಾರ್ಮೋನಿಯಮಿನ ಬಿಳಿ ಒಂದರ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ ಸುಮಾರು ೬೫ ಹರ್ಟ್ಜ್. ಪುರುಷರ ಮಾತಿನ ಮೂಲಸ್ವರ ಸಾಮಾನ್ಯವಾಗಿ ನೂರರ ಮೇಲೆ. ಅದರ ಕೆಳಗೆ ನಮ್ಮ ಸಭಾಭವನಕ್ಕೆ ಕೆಲಸವೇ ಇಲ್ಲ. ಅದೇ ಗಟ್ಟಿತನದಲ್ಲಿ ಆವೃತ್ತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಶಂಕುವು ನಾಲ್ಕು ಪಟ್ಟು ದೂರ ಚಲಿಸಬೇಕು. ಬೇಡದ ಮಂದ್ರಕ್ಕೆ ತೆರಬೇಕಾದ ಬೆಲೆ ಅದು.

ನಾವು ಅಳೆದ ಒಂದು ಹನ್ನೆರಡು ಅಂಗುಲದ ವೂಫರಿಗಾದರೋ ನೂರೈವತ್ತು ಲೀಟರು, ಎಂದರೆ ಒಂದು ಅಕ್ಕಿಯ ಪೆಟ್ಟಿಗೆಯಷ್ಟು ಸ್ಥಳ, ಬೇಕೆಂದು ಲೆಕ್ಕ ಹೇಳಿತು. ಅದನ್ನು ನಲವತ್ತು ಲೀಟರಿನಲ್ಲಿ ತುರುಕಿದರೆ ಗುಣಾಂಕವು ಒಂದನ್ನು ದಾಟಿ, ಯಾವ ಸ್ವರ ನುಡಿಸಿದರೂ ಒಂದೇ ‘ಧುಂ’ಕಾರ ಎದ್ದುಕೇಳುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿಗೆ ಭೌತಶಾಸ್ತ್ರದ ಬೆಂಬಲವೂ ದೊರೆತಂತಾಯಿತು.

ಕಡೆಯ ಪರೀಕ್ಷೆಗೆ ಮೀಟರು ಬೇಕಾಗಲಿಲ್ಲ, ಅದು ಉಕ್ತಲೇಖನ. ವೂಫರಿಗೆ ೨೦೦೦ ಹರ್ಟ್ಜಿನವರೆಗೆ ಮಾತ್ರ ಬಿಟ್ಟು, ಮೇಲಿನದನ್ನು ಟ್ವೀಟರಿಗೆ ಹಂಚಿದ್ದೆವು. ೨೦೦೦ ಹರ್ಟ್ಜಿನ ಅಲೆಯ ಉದ್ದ ೧೭ ಸೆಂಟಿಮೀಟರು, ನಮ್ಮ ಶಂಕುವಿನ ಅಗಲವೂ ಅಷ್ಟೆ. ಅದರ ಮೇಲೆ ವೂಫರಿನ ಧ್ವನಿ ಟಾರ್ಚಿನ ಬೆಳಕಿನಂತೆ ಎದುರಿಗೆ ಮಾತ್ರ ಹೋಗಿ ಪಕ್ಕದಲ್ಲಿ ಕುಳಿತವರನ್ನು ಮರೆಯುತ್ತದೆ. ಒಬ್ಬ ವಿದ್ಯಾರ್ಥಿನಿ ವೇದಿಕೆಯಿಂದ ಪದಗಳನ್ನು ಓದಿದಳು: ದನ, ಧನ, ಕರ, ಖರ, ಸಾಲು, ಶಾಲು, ಮರಿ, ನರಿ. ಕೊನೆಯ ಸಾಲಿನವರು ಬರೆದರು. ಮೊದಲ ಸಲ ಆಂಪ್ಲಿಫೈಯರಿನ ಮಂದ್ರದ ತಿರುಗಣೆಯನ್ನು ಪೂರ್ತಿ ಏರಿಸಿ, ಪೆಟ್ಟಿಗೆಗಳನ್ನು ಮೂಲೆಗೆ ಒತ್ತಿ ಇಟ್ಟಿದ್ದೆವು. ಕಾಗದಗಳನ್ನು ನೋಡಿದರೆ ಧನವೆಲ್ಲ ದನವಾಗಿತ್ತು, ಶಾಲುಗಳು ಸಾಲುಗಟ್ಟಿದ್ದುವು. ಎರಡನೆಯ ಸಲ ತಿರುಗಣೆಯನ್ನು ನಡುವಿಗೆ ತಂದು, ಪೆಟ್ಟಿಗೆಗಳನ್ನು ಮೂಲೆಯಿಂದ ಬಿಡಿಸಿ ಇಟ್ಟೆವು. ತಪ್ಪುಗಳು ಬಹುಮಟ್ಟಿಗೆ ಇಲ್ಲವಾದುವು.

ಇದರ ಕಾರಣವು ಕಿವಿಯಲ್ಲಿದೆ. ಬಲವಾದ ಮಂದ್ರಸ್ವರವು ತನಗಿಂತ ಮೇಲಿನ ಸ್ವರಗಳನ್ನು ಮುಸುಕುತ್ತದೆ. ಮೇಲಿನವು ಕೆಳಗಿನದನ್ನು ಅಷ್ಟಾಗಿ ಮುಸುಕಲಾರವು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ತೋರುವ ಉಸಿರೂ, ಊಷ್ಮಾಕ್ಷರಗಳ ಸುಯ್ಲೂ ಮೇಲಿನ ಆವೃತ್ತಿಗಳಲ್ಲಿ, ಬಲು ಸಣ್ಣ ದನಿಯಲ್ಲಿ ಇರುತ್ತವೆ. ನಿಲ್ಲಲರಿಯದ ವೂಫರು ಒಂದು ಅಕ್ಷರದ ಮೊಳಗಿನಿಂದ ಮುಂದಿನ ಅಕ್ಷರದ ಉಸಿರನ್ನು ಮುಚ್ಚಿಬಿಡುತ್ತದೆ. ವೂಫರು ಅಕ್ಷರಗಳನ್ನು ತಾನು ನುಡಿಯದಿದ್ದರೂ ಕೆಡಿಸಬಲ್ಲುದು. ಆದುದರಿಂದ ಅದು ಎಷ್ಟು ಮೊಳಗುತ್ತದೆ ಎಂಬುದಕ್ಕಿಂತ, ಎಷ್ಟು ಬೇಗ ಸುಮ್ಮನಾಗುತ್ತದೆ ಎಂಬುದನ್ನು ನೋಡಿ ಆರಿಸುವುದು ಯೋಗ್ಯ.

ಬಯಲಿನಲ್ಲಿ ನಡೆಯುವ ಆಟಕ್ಕೆ ನಮ್ಮ ಪೆಟ್ಟಿಗೆಗಳು ಸಾಲವು. ಅಲ್ಲಿಗೆ ದೊಡ್ಡ ಸೆಟ್ಟು ಬೇಕೇ ಬೇಕು. ನಾಲ್ಕು ಗೋಡೆಗಳ ಸಭಾಭವನಕ್ಕೆ ಧಾರಾಳವಾಗಿ ಸಾಕು. ಗಡಿಯಾಚೆ ಬೆಳೆಯುವ ನಮ್ಮ ಮಕ್ಕಳಿಗೆ ತಿದ್ದಿದ ಕನ್ನಡವು ಕಿವಿಗೆ ಬೀಳುವ ಸಂದರ್ಭಗಳು ಮೊದಲೇ ಕೆಲವು; ಶಾಲೆಯ ವೇದಿಕೆ ಅವುಗಳಲ್ಲಿ ಒಂದು. ಅಲ್ಲಿಂದ ಹೊರಟ ‘ಧನ’ವು ಕೊನೆಯ ಬೆಂಚಿಗೆ ‘ದನ’ವಾಗಿ ತಲಪಿದರೆ ಮಗುವು ಕಲಿಯುವುದೂ ಅದನ್ನೇ. ಧ್ವನಿವರ್ಧಕವನ್ನು ಕೊಳ್ಳುವ ಅಥವಾ ತಯಾರಿಸುವ ಯೋಚನೆಯಿರುವ ಶಾಲೆಯವರು, ಹಣ ಕೊಡುವ ಮೊದಲು ಐವತ್ತು ಪದಗಳ ಉಕ್ತಲೇಖನವೊಂದನ್ನು ಅದರ ಮೂಲಕ ಕೊಡಿಸಿ, ಕೊನೆಯ ಬೆಂಚಿನ ಕಾಗದಗಳನ್ನು ತಿದ್ದಿ ನೋಡಬೇಕೆಂದು ನಮ್ಮ ಬಿನ್ನಹ.