ಹತ್ತು ಮಂದಿಯ ರುಜು

ಮನುಷ್ಯನು ತಾನು ಗಳಿಸಿದ್ದನ್ನು ಇಂಥವರಿಗೆಂದು ಉಯಿಲು ಬರೆದಿಟ್ಟು ಹೋಗುವುದಾದರೆ ಇಬ್ಬರು ಸಾಕ್ಷಿಗಳ ರುಜು ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅದಕ್ಕಿಂತ ಹೆಚ್ಚು ಮಂದಿಯನ್ನು ಕೇಳುವುದಿಲ್ಲ. ಅದೇ ಮನುಷ್ಯನು ಯಾವ ಪಕ್ಷದ ಹಂಗೂ ಇಲ್ಲದೆ ವಿಧಾನಸಭೆಯ ಚುನಾವಣೆಗೆ ನಿಲ್ಲುವೆನೆಂದರೆ ಹತ್ತು ಮಂದಿ ಮತದಾರರು ಅವನ ನಾಮಪತ್ರಕ್ಕೆ ಸೂಚಕರಾಗಿ ರುಜು ಹಾಕಬೇಕು. ಮಾನ್ಯತೆ ಪಡೆದ ಪಕ್ಷದ ಹುರಿಯಾಳಿಗೆ ಒಬ್ಬ ಸೂಚಕನಿದ್ದರೆ ಆಯಿತು. ಸತ್ತ ಮೇಲಿನ ಇಚ್ಛೆಗೆ ಇಬ್ಬರು, ಬದುಕಿರುವಾಗಿನ ಇಚ್ಛೆಗೆ ಹತ್ತು ಮಂದಿ!

ಉಯಿಲಿಗೂ ಚುನಾವಣೆಗೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಕೇಳಬಹುದು. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ಈ ಎರಡೂ ಒಂದೇ ಕಟ್ಟೆಯ ಮೇಲೆ ಕುಳಿತಿವೆ. ಸತ್ತವರ ಉಯಿಲನ್ನು ಪರೀಕ್ಷಿಸಿ ಆಸ್ತಿಯನ್ನು ವಾರಸುದಾರರಿಗೆ ಮುಟ್ಟಿಸುವ ನ್ಯಾಯಾಧೀಶನನ್ನು ಅಲ್ಲಿ ಊರ ಜನರೇ ಮತ ಕೊಟ್ಟು ಆರಿಸುವುದುಂಟು. ಅಲಬಾಮದಲ್ಲಂತೂ ಆ ನ್ಯಾಯಾಧೀಶನೇ ತನ್ನ ಜಿಲ್ಲೆಯ ಚುನಾವಣೆಗಳ ಮುಖ್ಯಾಧಿಕಾರಿಯೂ ಹೌದು. ಆ ಪೀಠಕ್ಕೆ ಪಕ್ಷೇತರನಾಗಿ ನಿಲ್ಲಬೇಕೆಂಬವನು ಮತದಾರರ ಸಹಿಗಳನ್ನು ಸಂಗ್ರಹಿಸಲು ಮನೆಮನೆ ತಿರುಗಬೇಕು.

ಕೊಳ್ಳೇಗಾಲದ ಸೀಮೆಯಲ್ಲಿ ನ್ಯಾಯಾಧೀಶರು ಮತ ಬೇಡುವ ಪದ್ಧತಿಯಿಲ್ಲ. ಅವರನ್ನು ಸರ್ಕಾರ ನೇಮಿಸುತ್ತದೆ. ಆದರೆ ವಾರಸುದಾರಿಕೆಯ ಮಾತಿಗೇನೂ ಇಲ್ಲಿ ಕೊರತೆಯಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಪೌತಿ ಖಾತೆಯೆಂಬ ಪದ ಹತ್ತು ಬಾರಿಯಾದರೂ ಕಿವಿಗೆ ಬೀಳುತ್ತದೆ. ತಾತ ತೀರಿಹೋಗಿ ಎಷ್ಟೋ ವರ್ಷಗಳಾಗಿರುತ್ತವೆ. ಪಹಣಿಯಲ್ಲಿ ಮಾತ್ರ ಇನ್ನೂ ಅವನೇ ಉಳುತ್ತಿರುತ್ತಾನೆ. ಖಾತೆ ಮೊಮ್ಮಗನ ಹೆಸರಿಗೆ ಬರುವತನಕ ಹೊಲದ ಮೇಲೆ ಸಾಲವಿಲ್ಲ. ಅಣ್ಣತಮ್ಮಂದಿರಿಗೆ ನಿದ್ರೆಯೂ ಇಲ್ಲ.

ಹನೂರಿನ ಅಂಥ ಒಂದು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನೊಬ್ಬನನ್ನು ವಾಚಕರು ಊಹಿಸಿಕೊಳ್ಳಲಿ. ಇಪ್ಪತ್ತು ವರ್ಷ ಇತರರ ಕಷ್ಟವನ್ನು "ಮಾನ್ಯರೇ" ಎಂದು ಆರಂಭಿಸಿ "ತಮ್ಮ ವಿಧೇಯ" ಎಂದು ಮುಗಿಸಿದವನು ಅವನು. ಒಂದು ದಿನ ಅವನಿಗೆ ತಾನೇ ಚುನಾವಣೆಗೆ ನಿಲ್ಲಬೇಕೆಂದು ತೋರಿತು. ಪಕ್ಷಗಳ ಬಾಗಿಲಿಗೆ ಹೋಗಲಿಲ್ಲ. ಹೋದರೂ ಒಳಗೆ ಕರೆಯುವವರಿರಲಿಲ್ಲ.

ಮೊದಲ ಅಡ್ಡಿ ಮನೆಯಲ್ಲೇ ಎದುರಾಯಿತು. ಸಾಮಾನ್ಯ ಕ್ಷೇತ್ರದಲ್ಲಿ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರರ್ಧ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ದೊರೆಯದಿದ್ದರೆ ಆ ಹಣ ಸರ್ಕಾರದ ಪಾಲು. "ಹೋಗುವ ದುಡ್ಡು ಅಂತ ಗೊತ್ತಿದ್ದೂ ಕಟ್ತೀರಾ?" ಎಂದು ಹೆಂಡತಿ ಕೇಳಿದಳು. ಅವನಲ್ಲಿ ಉತ್ತರವಿರಲಿಲ್ಲ. ಮಗಳ ಓದಿಗೆಂದು ಇಟ್ಟಿದ್ದ ಹಣವೆಂಬುದು ಇಬ್ಬರಿಗೂ ತಿಳಿದಿತ್ತು.

ಎರಡನೆಯ ಅಡ್ಡಿ ಆ ಹತ್ತು ರುಜುಗಳದು. ಅವನಿಂದ ಬಿಟ್ಟಿಯಾಗಿ ಅರ್ಜಿ ಬರೆಸಿಕೊಂಡವರೇ ನೂರಾರು ಮಂದಿ. ಅವರಲ್ಲಿ ಹತ್ತು ಜನ ಸಿಕ್ಕದೆ ಹೋಗುವರೇ ಎಂದುಕೊಂಡಿದ್ದ. ಮೊದಲು ಹೋದದ್ದು ಪಕ್ಕದ ಬೀದಿಯ ರೈತನೊಬ್ಬನ ಮನೆಗೆ. ಅವನು ಚಾಪೆ ಹಾಸಿ, ಕಾಫಿ ಕೊಟ್ಟು, ಕೊನೆಗೆ ತಲೆ ತಗ್ಗಿಸಿ ಹೇಳಿದ: "ಓಟು ಬೇಕಾದ್ರೆ ಕೊಡ್ತೀನಿ ಕಣಣ್ಣ, ರುಜು ಮಾತ್ರ ಕೇಳಬೇಡ. ಓಟು ಯಾರಿಗೂ ಕಾಣಲ್ಲ, ರುಜು ಕಾಣ್ತದೆ."

ಆ ಮಾತಿನಲ್ಲಿ ಹುಸಿಯಿರಲಿಲ್ಲ. ಗುಟ್ಟಿನ ಮತದಾನವು ಬಡವನಿಗೆ ದೊರೆತ ದೊಡ್ಡ ರಕ್ಷೆ. ಪಕ್ಷವಿಲ್ಲದವನ ಪರವಾಗಿ ಹೆಸರು, ಕ್ರಮಸಂಖ್ಯೆಗಳೊಡನೆ ಬಯಲಿಗೆ ಬರುವವನಿಗೆ ಆ ರಕ್ಷೆಯಿಲ್ಲ. ಚುನಾವಣೆ ಮುಗಿದ ಮೇಲೂ ಗೆದ್ದವರ ಮುಂದೆ ನಿಂತು ಬಾವಿಗೂ ರಸ್ತೆಗೂ ಕೈಯೊಡ್ಡಬೇಕಾದವನು ಅವನೇ. ಆದುದರಿಂದ ಆ ಹತ್ತು ರುಜುಗಳನ್ನು ಕೂಡಿಸಲು ಅರ್ಜಿ ಬರೆಯುವವನಿಗೆ ಆರು ದಿನ ಹಿಡಿಯಿತು.

ಇಷ್ಟು ಪಾಡುಪಟ್ಟರೂ ಫಲವೇನು ಎನ್ನುವವರುಂಟು. ಅವರು 2004ರ ಚುನಾವಣೆಯನ್ನು ನೆನೆಯುವುದೊಳ್ಳೆಯದು. ಆ ವರ್ಷ ಒಂದಕ್ಕೊಂದು ಅಂಟಿದ ಮೂರು ಕ್ಷೇತ್ರಗಳು ಮೂರು ಪಾಠಗಳನ್ನು ಹೇಳಿದುವು. ಕೊಳ್ಳೇಗಾಲದಲ್ಲಿ ಎಸ್. ಬಾಲರಾಜು ಅವರು ಪಕ್ಷೇತರರಾಗಿ ನಿಂತು ಗೆದ್ದು ವಿಧಾನಸಭೆಗೆ ಹೋದರು. ಯಳಂದೂರನ್ನು ಆಗ ಒಳಗೊಂಡಿದ್ದ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು, ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದುವು. ಒಂದೇ ಒಂದು ಮತ! ಸೋತವರ ಕಾರಿನ ಚಾಲಕನೇ ಅಂದು ಕೆಲಸದ ನಡುವೆ ಮತ ಹಾಕಲಾಗದೆ ಉಳಿದನೆಂಬ ಸುದ್ದಿ ನಾಡೆಲ್ಲ ಹರಡಿತು. ಇನ್ನು ಹನೂರಿನಲ್ಲಿ ಪರಿಮಳಾ ನಾಗಪ್ಪ ಅವರು ಆರಿಸಿಬಂದರು. ಅವರ ಪತಿ, ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು 2002ರ ಆಗಸ್ಟಿನಲ್ಲಿ ವೀರಪ್ಪನ್ ಅಪಹರಿಸಿದ್ದನು. ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ದೊರೆಯಿತು. ಪತಿಯ ಹೆಸರು ಪತ್ನಿಯ ಬೆನ್ನಿಗಿದ್ದಿತು, ನಿಜ. ಆದರೆ ಆ ಹೆಸರನ್ನು ಸ್ಥಾನವಾಗಿ ಮಾರ್ಪಡಿಸಿದುದು ಉಯಿಲಲ್ಲ, ಜನರ ಮತ.

ಈ ಮಾತಿನ ಬೆಲೆ ಯಳಂದೂರಿನವರಿಗೆ ಚೆನ್ನಾಗಿ ತಿಳಿಯಬೇಕು. 1807ರಲ್ಲಿ ಮೈಸೂರಿನ ಅರಸರು ಆ ಊರನ್ನು ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯವಾದ ಜಹಗೀರಾಗಿ ಕೊಟ್ಟರು. ತಂದೆಯಿಂದ ಮಗನಿಗೆ ಊರೇ ಇಳಿದುಬರುತ್ತಿದ್ದ ಕಾಲವದು. ಅಂದು ಸುವರ್ಣಾವತಿಯ ನೀರು ಕುಡಿದ ಗದ್ದೆಗಳ ಒಡೆತನವಾಗಲಿ, ಊರ ಒಡೆತನವಾಗಲಿ ಉಳುವವನನ್ನು ಕೇಳಿ ಬದಲಾಗುತ್ತಿರಲಿಲ್ಲ. ಇಂದು ಕೇಳಲೇಬೇಕು, ಅದೂ ಐದು ವರ್ಷಕ್ಕೊಮ್ಮೆ.

ಆಸ್ತಿಯ ವ್ಯಾಜ್ಯ ಕಂಡವರಿಗೆ ಎರಡು ಶಬ್ದಗಳು ಪರಿಚಿತ: ಪಿತ್ರಾರ್ಜಿತ, ಸ್ವಯಾರ್ಜಿತ. ಜನಪ್ರತಿನಿಧಿಯ ಪೀಠ ಪಿತ್ರಾರ್ಜಿತವಲ್ಲವೆಂಬುದನ್ನು ಪಕ್ಷೇತರನು ಎದ್ದುನಿಂತೇ ತೋರಿಸುತ್ತಾನೆ. ಆದರೆ ಅದು ತನ್ನ ಸ್ವಯಾರ್ಜಿತವೂ ಅಲ್ಲವೆಂಬುದನ್ನು ಗೆದ್ದ ಮೇಲೆ ಅವನು ಮರೆಯುವುದುಂಟು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು ಅದನ್ನು ನೆನಪಿಗೆ ತರುತ್ತದೆ: ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷವೊಂದನ್ನು ಸೇರಿದರೆ ಸದಸ್ಯತ್ವಕ್ಕೆ ಅನರ್ಹನಾಗುತ್ತಾನೆ. ಹತ್ತು ಮಂದಿ ಧೈರ್ಯಮಾಡಿ ಕೊಟ್ಟ ರುಜುವನ್ನು ಹನ್ನೊಂದನೆಯವನಿಗೆ ಮಾರುವ ಹಕ್ಕು ಅವನಿಗಿಲ್ಲ.

ಹನೂರಿನ ಅರ್ಜಿ ಬರೆಯುವವನು ಗೆಲ್ಲಲಿಲ್ಲ, ಠೇವಣಿಯೂ ಉಳಿಯಲಿಲ್ಲ. ಎಣಿಕೆಯ ಮರುದಿನ ಎಂದಿನಂತೆ ಮರದ ಕೆಳಗೆ ಮೇಜು ಹಾಕಿದ. ಹಾದುಹೋಗುವವರಲ್ಲಿ ಕೆಲವರು ನಕ್ಕರು, ಕೆಲವರು ಎಂದಿಗಿಂತ ಹೆಚ್ಚು ಬಾಗಿ ನಮಸ್ಕರಿಸಿದರು. ಮಧ್ಯಾಹ್ನದ ಹೊತ್ತಿಗೆ ಆ ರೈತ ಬಂದು ಎದುರಿನ ಕಲ್ಲಿನ ಮೇಲೆ ಕುಳಿತ. ಅಪ್ಪನ ಹೆಸರಿನಲ್ಲಿದ್ದ ಎರಡೆಕರೆ ಹೊಲಕ್ಕೆ ಪೌತಿ ಖಾತೆಯಾಗಬೇಕು. ವಂಶವೃಕ್ಷ ಬರೆದದ್ದಾಯಿತು, ಅರ್ಜಿ ಬರೆದದ್ದಾಯಿತು.

"ಇವನೇ ಮಗನೆಂದು ಊರವರು ರುಜು ಹಾಕಬೇಕಂತೆ ಕಣಣ್ಣ," ಎಂದ ರೈತ, ನೆಲ ನೋಡುತ್ತಾ. "ದಾಯಾದಿಗಳ ಹೆದರಿಕೆಗೆ ಯಾರೂ ಮುಂದೆ ಬರ್ತಾ ಇಲ್ಲ."

ಅರ್ಜಿ ಬರೆಯುವವನು ಕಾಗದವನ್ನು ತನ್ನ ಕಡೆ ಎಳೆದುಕೊಂಡ. ಸಾಕ್ಷಿಗಳ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ತನ್ನ ಪೂರ್ತಿ ಹೆಸರನ್ನು ಮೊದಲನೆಯದಾಗಿ ಬರೆದ.