ಬಿಂದುವಿಗೂ ದಪ್ಪವುಂಟು



ಸಿಂಧನೂರಿನ ಲೇತ್ ಅಂಗಡಿಗಳನ್ನು ನೀವೆಲ್ಲ ಬಲ್ಲಿರಿ. ಟ್ರ್ಯಾಕ್ಟರಿನ ಪಿನ್ನು ಸವೆದರೆ ಮೇಸ್ತ್ರಿ ಹ್ಯಾಂಡಲ್ ತಿರುಗಿಸುತ್ತಾ, ಕಣ್ಣಳತೆಯಿಂದಲೇ ಅರ್ಧ ಕೆಲಸ ಮುಗಿಸುತ್ತಾನೆ. ಆದರೆ ಗಣಕಯಂತ್ರದಿಂದ ನಡೆಯುವ ಲೇತಿಗೆ ಕಣ್ಣಿಲ್ಲ. ಟೂಲು ಸಾಗಬೇಕಾದ ದಾರಿಯನ್ನೆಲ್ಲ ಮೊದಲೇ ಬರೆದಿಡಬೇಕು. ಅದನ್ನು ಬರೆಯುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಮೊನ್ನೆ ಲಿಂಗಸುಗೂರಿನಲ್ಲಿ ಕಂಡೆ. ಅಲ್ಲಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಅಂದರೆ ಜಿಟಿಟಿಸಿಯಲ್ಲಿ, ಕಲಿತವನು.

ಅಂದು ಅವನ ಮುಂದಿದ್ದುದು ತಲೆಯುಳ್ಳ ಒಂದು ಪಿನ್ನು. 40 ಮಿ.ಮೀ. ವ್ಯಾಸದ ಸರಳು, ತಲೆಯನ್ನು ಹಾಗೆಯೇ ಬಿಟ್ಟು ಉಳಿದುದನ್ನು 24 ಮಿ.ಮೀ.ಗೆ ಇಳಿಸಬೇಕು. ಸರಳಿನ ಉದ್ದಕ್ಕೆ ಝಡ್ ಅಕ್ಷ, ವ್ಯಾಸಕ್ಕೆ ಎಕ್ಸ್ ಅಕ್ಷ. ಒಂದು ಬದಿಯಿಂದ ತೆಗೆಯಬೇಕಾದುದು 8 ಮಿ.ಮೀ. ಒಮ್ಮೆಗೇ ತೆಗೆದರೆ ಸರಳು ನಡುಗುತ್ತದೆ, ಟೂಲು ಮುರಿಯುತ್ತದೆ. ಆದ್ದರಿಂದ 2 ಮಿ.ಮೀ.ನಂತೆ ಮೂರು ಸಲ, 1.75 ಒಂದು ಸಲ. ಉಳಿದ ಕಾಲು ಮಿಲಿಮೀಟರು ಕೊನೆಯ ನಯಗೆಲಸಕ್ಕೆ. ಮರಳುವ ದಾರಿಯನ್ನೂ ಬರೆಯಬೇಕು: ಟೂಲು ಮೊದಲು ಲೋಹದಿಂದ ದೂರ ಸರಿಯಬೇಕು, ಆಮೇಲೆ ಜಿ00 ಎಂಬ ವೇಗದ ಓಟ. ಅನುಕ್ರಮ ತಪ್ಪಿದರೆ ಟೂಲು ಕೆಲಸಕ್ಕೋ ಚಕ್ಕಿಗೋ ಅಪ್ಪಳಿಸುತ್ತದೆ.

ಪಿನ್ನಿನ ತುದಿಗೆ 45 ಡಿಗ್ರಿಯ ಇಳಿಜಾರು. ಅಲ್ಲಿಗೆ ಬಂದಾಗ ಅವನು ಮುಗುಳ್ನಕ್ಕು, "ಸರ್, ಟೂಲಿನ ಮೊನೆ ಬಿಂದು ಅಲ್ರೀ. 0.8 ಮಿ.ಮೀ. ತ್ರಿಜ್ಯದ ದುಂಡು ಐತ್ರಿ" ಎಂದ.

ನನಗೆ ಮಸ್ಕಿಯ ತರಗತಿ ನೆನಪಾಯಿತು. ಬಿಂದುವಿಗೆ ಸ್ಥಾನವಿದೆ, ಗಾತ್ರವಿಲ್ಲ ಎಂದು ನಾನು ಹೇಳಿದಾಗ ಇದೇ ಹುಡುಗ ಎದ್ದು ನಿಂತು, "ಸರ್, ಸೀಸಕಡ್ಡಿ ತುದಿಗೆ ದಪ್ಪ ಐತಲ್ರೀ?" ಎಂದು ಕೇಳಿದ್ದ. ಉದ್ಧಟತನವೆಂದು ತಿಳಿದು ಬೈದು ಕೂರಿಸಿದ್ದೆ. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಆ ಊರಿನ ಬಂಡೆಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿದೆ. ಉಳಿಗೆ ದಪ್ಪವಿಲ್ಲದಿದ್ದರೆ ಆ ಅಕ್ಷರಗಳು ಕಾಣುತ್ತಿದ್ದವೇ? ನನಗೇಕೋ ಅಂದು ಅದು ಹೊಳೆಯಲಿಲ್ಲ.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಕಾರ್ಯಕ್ರಮವು ಟೂಲಿಗೆ ಚೂಪಾದ ಒಂದು ಕಾಲ್ಪನಿಕ ಮೊನೆಯಿದೆಯೆಂದು ನಂಬುತ್ತದೆ. ಮೊನೆಯ ವೃತ್ತಕೇಂದ್ರದಿಂದ ಆ ಬಿಂದುವಿಗೆ ಇರುವ ದೂರ, 0.8 ಬಾಹುವುಳ್ಳ ಚೌಕದ ಕರ್ಣ: 1.13. ಅದರಲ್ಲಿ ತ್ರಿಜ್ಯ 0.8 ಕಳೆದರೆ 0.33 ಮಿ.ಮೀ. ನೇರ ಮೈಯಲ್ಲಿ ತೊಂದರೆಯಿಲ್ಲ. ಇಳಿಜಾರಿನಲ್ಲಿ ಮಾತ್ರ ಅಷ್ಟು ಲೋಹ ಕಡಿಯದೆ ಉಳಿಯುತ್ತದೆ. ಅದನ್ನು ಸರಿಪಡಿಸಲು ಹೊರಮೈಯನ್ನು ಚಕ್ಕಿನ ಕಡೆಗೆ ಕಡಿಯುವಾಗ ಜಿ42 ಎಂಬ ಆಜ್ಞೆ. ಪೈಥಾಗೊರಸನ ಪ್ರಮೇಯವನ್ನು ಎಷ್ಟೋ ವರ್ಷ ಬೋಧಿಸಿದವನಿಗೆ ಅದು ಉಕ್ಕಿನ ಮೇಲೆ ಕಂಡದ್ದು ಅಂದೇ.

"ಅಂದು ನಿನ್ನ ಪ್ರಶ್ನೆಯೇ ಸರಿಯಾಗಿತ್ತಪ್ಪ, ಗದರಿಸಿದ್ದು ನನ್ನ ತಪ್ಪು" ಎಂದೆ. ಅವನು, "ಬಿಡ್ರೀ ಸರ್, ಬಿಂದು ಅಂದ್ರೇನಂತ ನೀವು ಹೇಳಿದ್ದಕ್ಕs ಈ ವ್ಯತ್ಯಾಸ ತಿಳೀತು" ಎಂದು ಚಹಾ ತರಿಸಿದ.

ಹೀಗೆ ನಾನು ಕೂರಿಸಿದ ಮಕ್ಕಳು ನಿಮ್ಮಲ್ಲಿ ಇನ್ನೂ ಇರಬಹುದು. ಆ ಪ್ರಶ್ನೆಗಳು ನೆನಪಿದ್ದರೆ ಬರೆದು ತಿಳಿಸಿ. ಉತ್ತರ ಗೊತ್ತಿದ್ದರೆ ಹೇಳುವೆ, ಇಲ್ಲವಾದರೆ ನಿಮ್ಮಿಂದಲೇ ಕಲಿಯುವೆ.